ಎಂ.ಎಸ್ಸಿ. ಎಂಬ ಗಾಳಿ

ನಾನು ನಿವೃತ್ತನಾದ ಮೇಲೆ ಒಂದು ಸಂಜೆ ಕಾಲೇಜಿನ ಹೊಸ ಅಧ್ಯಾಪಕರು ಕೆಲವರು ಮನೆಗೆ ಬಂದರು. ‘ಸಾರ್, ಮನೆಯಲ್ಲಿ ಮೊದಲ ಸಲ ಓದುತ್ತಿರುವ ಹುಡುಗರನ್ನು ಎಂ.ಎ., ಎಂ.ಎಸ್ಸಿ.ವರೆಗೆ ದಾಟಿಸೋದು ಹೇಗೆ? ನಿಮ್ಮ ಕಾಲದಲ್ಲಿ ಏನು ವಿಧಾನ ಇತ್ತು?’ ಎಂದು ಕೇಳಿದರು. ಒಬ್ಬರು ಬರೆದುಕೊಳ್ಳಲು ಪೆನ್ನನ್ನೂ ತೆಗೆದರು. ‘ಮೊದಲು ಬಸ್ಸು ಹತ್ತಬೇಕು’ ಎಂದೆ. ಬರೆದುಕೊಂಡರು. ‘ಆಮೇಲೆ?’ ಎಂದರು. ‘ಊಟಕ್ಕೆ ಕೂಡ್ರಿ ಅಂದರೆ ಕೂಡಬೇಕು’ ಎಂದೆ. ಪೆನ್ನು ಜೇಬಿಗೆ ಹೋಯಿತು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಜೀವನವಿಡೀ ಗಣಿತ ಹೇಳಿದವನಿಗೆ ತಮಾಷೆಯ ಅಭ್ಯಾಸ ಇರುವುದಿಲ್ಲ. ಅವತ್ತು ಪೂರ್ತಿ ಮಾಡಲಾಗದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ದಾವಣಗೆರೆಯ ಕಾಲೇಜಿಗೆ ನಾನು ಗಣಿತದ ಲೆಕ್ಚರರ್ ಆಗಿ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ. ಗಿರಣಿಯ ಕೂಗಿಗೆ ಊರು ಏಳುತ್ತಿದ್ದ ಕಾಲ. ನಮ್ಮ ತರಗತಿಗಳಲ್ಲಿ ಸುತ್ತಲಿನ ಹಳ್ಳಿಯ ಹುಡುಗರೇ ಹೆಚ್ಚು. ಅಪ್ಪ ಹೆಬ್ಬೆಟ್ಟು, ಅವ್ವ ಅದೂ ಇಲ್ಲ. ಡಿಗ್ರಿ ನಮ್ಮಲ್ಲಿ ಮುಗಿಯುತ್ತಿತ್ತು. ಮುಂದೆ ಓದುವುದಾದರೆ ಮೈಸೂರಿಗೆ ಹೋಗಬೇಕಿತ್ತು. ಹಾಗೆ ಹೋದ ನಮ್ಮ ಹುಡುಗರು ಅರ್ಧಕ್ಕೇ ವಾಪಸ್ ಬರುತ್ತಿದ್ದರು.

ಒಂದು ದಿನ ಪ್ರಿನ್ಸಿಪಾಲರು ಕರೆದರು. ಪೇಟ ಕಟ್ಟಿಕೊಂಡು ಪಾಠ ಮಾಡುತ್ತಿದ್ದ ಹಳೇ ಕಾಲದ ಮನುಷ್ಯ. ‘ನಿಮಗಿನ್ನೂ ಮದುವೆ ಆಗಿಲ್ಲ. ಭಾನುವಾರ ಏನು ಮಾಡ್ತೀರಿ?’ ಎಂದರು.

‘ಬಟ್ಟೆ ಒಗೀತೀನಿ ಸಾರ್.’

‘ಇನ್ನು ಮೇಲೆ ಶನಿವಾರ ಒಗೀರಿ. ಭಾನುವಾರ ಈ ವಾಪಸ್ ಬರೋ ಹುಡುಗರ ವಿಚಾರ ನೋಡ್ರಿ. ಹೋದೋರು ಹೋದಲ್ಲಿ ಇರಬೇಕು. ಹಿಂಗೆ ಬಂದರೆ ಕಾಲೇಜಿಗೆ ಕೆಟ್ಟ ಹೆಸರು.’

ನನ್ನ ನೇಮಕಾತಿ ಆದದ್ದು ಹೀಗೆ. ಇವತ್ತು ಇದಕ್ಕೊಂದು ಕೋಣೆ, ಬೋರ್ಡು, ಸಂಚಾಲಕರು ಎಲ್ಲ ಇದ್ದಾರೆ. ನನಗಿದ್ದದ್ದು ಭಾನುವಾರ ಮಾತ್ರ.

ಶುರುವಿನಲ್ಲಿ ನಾನೂ ಎಲ್ಲರಂತೆ ಉಪನ್ಯಾಸ ಮಾಡಿದೆ. ಕೋಟು ಹಾಕಿಕೊಂಡು, ಮೈಸೂರಿಗೆ ಹೊರಟವರನ್ನು ಸಾಲಾಗಿ ಕೂರಿಸಿ, ಲೈಬ್ರರಿಯಲ್ಲಿ ಪುಸ್ತಕ ಹುಡುಕುವುದು ಹೇಗೆ, ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ ಎಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು, ಮೈಸೂರಿಗೆ ಹೋದರು, ವಾಪಸ್ ಬಂದರು. ಲೈಬ್ರರಿಯ ಕಾರಣಕ್ಕೆ ಬಂದವನು ಒಬ್ಬನೂ ಇರಲಿಲ್ಲ. ಒಬ್ಬ ಅಣ್ಣನ ಮದುವೆಗೆಂದು ಬಂದಿದ್ದ. ಮದುವೆ ಮುಗಿಯುವಷ್ಟರಲ್ಲಿ ಬಿತ್ತನೆ ಬಂತು, ಬಿತ್ತನೆ ಮುಗಿಯುವಷ್ಟರಲ್ಲಿ ಕಳೆ ಬಂತು. ಹೊರಡು ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ, ಅವನೂ ಹೊರಡಲಿಲ್ಲ. ಸರಿಪಡಿಸಬೇಕಾದದ್ದು ಹುಡುಗನನ್ನಲ್ಲ, ಮನೆಯನ್ನು ಎಂದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಅದನ್ನು ನನಗೆ ಕಲಿಸಿದ್ದು ಸಾರಥಿಯ ಕೊಟ್ರೇಶಿಯ ಪ್ರಕರಣ.

ಸಾರಥಿ ಹರಿಹರದ ಹತ್ತಿರದ ಊರು. ಕೊಟ್ರೇಶಿಯ ಅಪ್ಪ ಸಿದ್ದಪ್ಪ ಬೇಸಾಯದವರು, ಮಾತು ಕಡಿಮೆ, ಆಡಿದರೆ ಊರು ಕೇಳುವಂಥ ಮಾತು. ಅವ್ವ ಹಾಲಮ್ಮ. ಮಗ ನನ್ನ ವಿದ್ಯಾರ್ಥಿ. ಲೆಕ್ಕದಲ್ಲಿ ಅಂಥ ತಲೆಯನ್ನು ನಾನು ಮುಂದೆ ಹೆಚ್ಚು ಕಂಡಿಲ್ಲ. ಅವನಿಗೊಂದು ಅಭ್ಯಾಸ ಇತ್ತು. ಲೆಕ್ಕ ಮಾಡುವಾಗ ತನ್ನಷ್ಟಕ್ಕೆ ಮಾತಾಡುತ್ತಿದ್ದ, ಬೆರಳಿನಿಂದ ಗಾಳಿಯಲ್ಲಿ, ತೊಡೆಯ ಮೇಲೆ, ಎದುರು ಕೂತವನ ಬೆನ್ನ ಮೇಲೆ ಬರೆಯುತ್ತಿದ್ದ. ತರಗತಿಯಲ್ಲಿ ನಾನು ಅವನ ತುಟಿ ನೋಡಿಕೊಂಡೇ ಪಾಠ ಮಾಡುತ್ತಿದ್ದೆ. ತುಟಿ ನಿಂತರೆ ಬೋರ್ಡಿನ ಮೇಲೆ ನಾನೇ ಏನೋ ತಪ್ಪು ಮಾಡಿದ್ದೇನೆ ಎಂದು ಅರ್ಥ.

ಅವನ ಬಿ.ಎಸ್ಸಿ. ಆದಾಗ ಸಿದ್ದಪ್ಪ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ನನ್ನನ್ನೂ ಕರೆದಿದ್ದರು. ಪಂಕ್ತಿಯ ನಡುವೆ ನಿಂತು, ‘ನಮ್ಮ ಕೊಟ್ರೇಶಿ ಓದು ಮುಗಿಸಿದ. ಇನ್ನ ಓದಾಕ ಏನೂ ಉಳಿದಿಲ್ಲ’ ಎಂದು ಘೋಷಿಸಿದರು. ಆಗ ನನ್ನ ಬಾಯಿತುಂಬ ಹೋಳಿಗೆ ಇತ್ತು. ಇಲ್ಲದಿದ್ದರೂ ಅಂಥ ಹೊತ್ತಿನಲ್ಲಿ ಎದ್ದು ನಿಂತು, ಇನ್ನೂ ಉಳಿದಿದೆ ಎನ್ನುವವನು ನಾನಲ್ಲ.

ಕೊಟ್ರೇಶಿ ಎಂ.ಎಸ್ಸಿ.ಗೆ ಮೈಸೂರಿಗೆ ಹೊರಟ. ಊಟ ವಸತಿಗೆ ಉಚಿತ ಹಾಸ್ಟೆಲ್ ಸಿಕ್ಕಿತ್ತು. ಮಗ ನೌಕರಿಗೆ ಹೊರಟಿದ್ದಾನೆ ಎಂದು ಸಿದ್ದಪ್ಪ ತಿಳಿದರು. ತಿದ್ದುವ ಧೈರ್ಯ ಮಗನಿಗೆ ಇರಲಿಲ್ಲ. ‘ಮೇಲಿನೋರ ಮನೆಗೆ ಬರಿಗೈಲಿ ಹೋಗಬ್ಯಾಡ’ ಎಂದು ಅಪ್ಪ ಒಂದು ಚೀಲ ಹೊಸ ಜೋಳವನ್ನು ರೈಲಿಗೆ ಹಾಕಿ ಕಳಿಸಿದರು. ಕೊಟ್ರೇಶಿ ಅದನ್ನು ನೇರವಾಗಿ ಪ್ರೊಫೆಸರ ಮನೆಯ ಜಗಲಿಯಲ್ಲಿ ಇಳಿಸಿ, ಕಾಲಿಗೆ ಬಿದ್ದು, ಏನೂ ಮಾತಾಡದೆ ನಿಂತ. ಪ್ರೊಫೆಸರು ಅದನ್ನು ಲಂಚ ಎಂದು ತಿಳಿದರು. ಅಂಕಗಳನ್ನು ಜೋಳಕ್ಕೆ ಮಾರುವವನು ನಾನಲ್ಲ ಎಂದು ಇಂಗ್ಲಿಷಿನಲ್ಲಿ ಬೈದು, ಚೀಲವನ್ನು ಜವಾನನ ಕೈಲಿ ಹಾಸ್ಟೆಲಿಗೆ ವಾಪಸ್ ಕಳಿಸಿದರು. ಆ ವಾರವೇ ಕೊಟ್ರೇಶಿ ದಾವಣಗೆರೆಯಲ್ಲಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ.

‘ನಮ್ಮ ಮನೀ ಕಾಳು ಬ್ಯಾಡ ಅಂದೋರು ನಮಗ ವಿದ್ಯೆ ಹೆಂಗೆ ಕೊಡ್ತಾರೆ ಸಾರ್?’ ಎಂದ.

ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕಿ, ಅವನನ್ನು ಕರೆದುಕೊಂಡು ಅರಸೀಕೆರೆಯಲ್ಲಿ ಗಾಡಿ ಬದಲಿಸಿ ಮೈಸೂರಿಗೆ ಹೋದೆ. ಪ್ರೊಫೆಸರು ಒಳ್ಳೆಯವರು, ಅವರಿಗೆ ಜೋಳ ಗೊತ್ತಿರಲಿಲ್ಲ, ಅಷ್ಟೇ. ಹಾಸ್ಟೆಲಿನಲ್ಲಿದ್ದ ಚೀಲವನ್ನು ಮತ್ತೆ ಅವರ ಜಗಲಿಗೇ ಹೊರಿಸಿಕೊಂಡು ಹೋಗಿ, ಹಿರಿಯರ ಮನೆಗೆ ಬರಿಗೈಲಿ ಹೋಗುವುದು ನಮ್ಮ ಕಡೆ ಅವಮರ್ಯಾದೆ ಎಂದು ವಿವರಿಸಿದೆ. ಅವರು ಚೀಲದ ಬಾಯಿ ಬಿಚ್ಚಿ ನೋಡಿ, ‘ಈಗ ಇದನ್ನು ಏನು ಮಾಡಬೇಕು?’ ಎಂದರು. ಬೀಸಿಸಿ ರೊಟ್ಟಿ ಮಾಡಿಸಬೇಕು ಎಂದೆ. ಆ ಮನೆಯಲ್ಲಿ ಯಾರಿಗೂ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಕೊಟ್ರೇಶಿಯೇ ಅಡಿಗೆಮನೆಯಲ್ಲಿ ಕೂತು ತಟ್ಟಿ ತೋರಿಸಿದ. ಅವನ ರೊಟ್ಟಿ ಯಾವ ಆಕಾರಕ್ಕೂ ಸೇರುತ್ತಿರಲಿಲ್ಲ, ಗಣಿತದವರಾದ ಕಾರಣ ಪ್ರೊಫೆಸರೂ ನಾನೂ ಅದನ್ನು ಗಮನಿಸಿದೆವು. ಆದರೆ ಅವತ್ತಿನಿಂದ ಅವನು ಆ ಮನೆಯೊಳಗೆ ಹೋಗಿ ಅನುಮಾನ ಕೇಳುವವನಾದ. ಪ್ರೊಫೆಸರು ಅವನನ್ನು ಬೇರೆಯವರಿಗೆ ಪರಿಚಯಿಸುವಾಗ ನನ್ನ ವಿದ್ಯಾರ್ಥಿ ಎನ್ನತೊಡಗಿದರು. ನನಗೆ ಸ್ವಲ್ಪ ಹೊಟ್ಟೆಯುರಿ ಆಯಿತು.

ಒಂದು ವರ್ಷ ಸುಸೂತ್ರವಾಗಿ ಕಳೆಯಿತು. ಎರಡನೆಯ ವರ್ಷ ಸಾರಥಿಯವರು ಕೆಲವರು ದಸರಾ ನೋಡಲು ಮೈಸೂರಿಗೆ ಹೋದರು. ಆನೆ, ಅಂಬಾರಿ, ದೀಪ ಎಲ್ಲ ನೋಡಿದರು. ಜೊತೆಗೆ ಬಗಲಲ್ಲಿ ಪುಸ್ತಕ ಹಿಡಿದು ಹೊರಟಿದ್ದ ಕೊಟ್ರೇಶಿಯನ್ನೂ ನೋಡಿದರು. ಊರಿಗೆ ಮರಳಿದಾಗ ಅಂಬಾರಿಯ ಸುದ್ದಿ ಯಾರಿಗೂ ಬೇಕಾಗಿರಲಿಲ್ಲ.

ಹಳ್ಳಿಯ ತರ್ಕ ಸರಳವಾಗಿತ್ತು, ತಪ್ಪು ಹುಡುಕಲು ನನಗೂ ಆಗಲಿಲ್ಲ. ಓದು ಮುಗಿದವನು ಓದುವುದಿಲ್ಲ. ಕೊಟ್ರೇಶಿ ಓದುತ್ತಿದ್ದಾನೆ. ಆದ್ದರಿಂದ ಅವನ ಓದು ಮುಗಿದಿಲ್ಲ. ಅಂದರೆ ಅವನು ಫೇಲಾಗಿದ್ದಾನೆ, ಸಿದ್ದಪ್ಪ ಸುಳ್ಳು ಹೇಳಿ ಊರಿಗೆ ಹೋಳಿಗೆ ತಿನ್ನಿಸಿದ್ದಾರೆ. ಲೋಕಿಕೆರೆಯಲ್ಲಿ ಕೊಟ್ರೇಶಿಗೆ ಹೆಣ್ಣು ಗೊತ್ತಾಗಿತ್ತು. ಆ ಮನೆಯ ಹಿರಿಯರು ಬಂದು, ಏನೂ ಕೇಳದೆ, ನೀರು ಕುಡಿದು ಹೋದರು. ಕೇಳಿದ್ದರೆ ಚೆನ್ನಾಗಿತ್ತು. ಪರೀಕ್ಷೆಗೆ ಮುಂಚಿನ ರಜೆಗೆ ಕೊಟ್ರೇಶಿ ಊರಿಗೆ ಬಂದಾಗ ಅಪ್ಪ ಒಂದೇ ಮಾತು ಹೇಳಿದರು: ಇನ್ನು ಮೈಸೂರಿಗೆ ಹೋಗಂಗಿಲ್ಲ.

ಸುದ್ದಿ ತಿಳಿದ ಭಾನುವಾರವೇ ನಾನು ಸಾರಥಿಗೆ ಹೋದೆ. ಪರೀಕ್ಷೆ ತಪ್ಪಿದರೆ ಎರಡು ವರ್ಷವೂ ನೀರುಪಾಲು. ಸಿದ್ದಪ್ಪ ಕಂಬಳಿ ಹಾಸಿದರು. ‘ಕೂಡ್ರಿ ಮೇಷ್ಟ್ರೇ’ ಎಂದರು. ಅಷ್ಟು ಮರ್ಯಾದೆಯಿಂದ ಮಾತಾಡುವವರ ಜೊತೆ ವಾದ ಮಾಡುವುದು ಕಷ್ಟ. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಹೋಲಿಕೆಯನ್ನು ತೆಗೆದೆ.

‘ಸಿದ್ದಪ್ಪಾರೆ, ಬಿ.ಎಸ್ಸಿ. ಅನ್ನೋದು ಬಿತ್ತನೆ ಇದ್ದಂಗೆ. ಎಂ.ಎಸ್ಸಿ. ಅನ್ನೋದು ಸುಗ್ಗಿ.’

‘ಹಂಗಾರ ನಾನು ಬಿತ್ತಿದ್ದಕ್ಕ ಊರಿಗೆಲ್ಲ ಊಟ ಹಾಕಿದ್ನಾ?’ ಎಂದರು.

ಕಂಬಳಿಯ ಅಂಚು ಸರಿಮಾಡಿ ಅವರೇ ಮುಂದುವರಿಸಿದರು. ‘ಅವ ಫೇಲಾಗಿಲ್ಲ ಅಂತ ನನಗ ಗೊತ್ತೈತೆ ಮೇಷ್ಟ್ರೇ. ಊರಿಗೆ ಹೆಂಗೆ ಹೇಳ್ಲಿ? ಮುಗೀತು ಅಂತ ನಿಂತು ಹೇಳಿದೋನು ನಾನು. ಈಗ ಮುಗಿದಿಲ್ಲ ಅಂದ್ರ ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?’

ನ್ಯಾಯಪಂಚಾಯಿತಿಗೆ ಜನ ಕರೆಯುತ್ತಿದ್ದ ಮನುಷ್ಯ. ಆ ಮಾತು ಹೋದರೆ ಅವರಿಗೆ ಉಳಿಯುವುದು ಹೊಲ ಮಾತ್ರ. ಊಟಕ್ಕೆ ಕೂಡ್ರಿ ಎಂದರು, ಕೂತೆ, ಉಂಡೆ, ಸೋತು ವಾಪಸ್ ಬಂದೆ. ಹೊರಡುವಾಗ ಕೊಟ್ರೇಶಿ ಹಿತ್ತಲಲ್ಲಿ ಗೋಡೆಯ ಕಡೆ ಮುಖ ಮಾಡಿ ಗೊಣಗುತ್ತ ಬೆರಳಾಡಿಸುತ್ತಿದ್ದ. ಮಾತಾಡಿಸಿದರೆ ತಿರುಗಲಿಲ್ಲ.

ಮುಂದಿನ ಸುದ್ದಿ ತಂದವರು ಹರಿಹರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರಹಿಮಾನ್ ಸಾಬರು. ಸಾರಥಿ ಕಡೆಗೆ ಹೋಗುವಾಗಲೆಲ್ಲ ನಾನು ಅವರ ಬಾಡಿಗೆ ಸೈಕಲನ್ನೇ ತೆಗೆದುಕೊಳ್ಳುತ್ತಿದ್ದೆ. ‘ಮೇಷ್ಟ್ರೇ, ನಿಮ್ಮ ಹುಡುಗಂದು ಕೇಸು ಖರಾಬ್ ಆಗೈತೆ. ಗಾಳಿ ಸೋಕೈತೆ ಅಂತ ಉಕ್ಕಡಗಾತ್ರಿಗೆ ಕರಕೊಂಡು ಹೋಗ್ಯಾರೆ’ ಎಂದರು.

ಉಕ್ಕಡಗಾತ್ರಿಯಲ್ಲಿ ಹೊಳೆಯ ದಂಡೆಗೆ ಕರಿಬಸವೇಶ್ವರನ ಸನ್ನಿಧಿ. ನಮ್ಮ ಕಡೆಯವರಿಗೆ ಅವನು ಅಜ್ಜಯ್ಯ. ಗಾಳಿ ಸೋಕಿದವರನ್ನು, ಪಿಶಾಚಿ ಹಿಡಿದವರನ್ನು ಅಲ್ಲಿಗೆ ಕರೆದೊಯ್ಯುತ್ತಾರೆ, ಹೊಳೆಯಲ್ಲಿ ಮೀಯಿಸುತ್ತಾರೆ, ಗುಣ ಆಗುವವರೆಗೆ ಅಲ್ಲೇ ಇರುತ್ತಾರೆ. ಹುಡುಗ ಗೊಣಗುತ್ತಾನೆ, ಗಾಳಿಯಲ್ಲಿ ಬರೆಯುತ್ತಾನೆ, ಕರೆದರೆ ಓ ಎನ್ನುವುದಿಲ್ಲ. ಗಣಿತ ಗೊತ್ತಿಲ್ಲದವರಿಗೆ ಅದು ಬೇರೆ ಏನಾಗಿಯೂ ಕಾಣುವಂತಿರಲಿಲ್ಲ. ನನಗೆ ಕೋಪವೂ ಬಂತು, ಭಯವೂ ಆಯಿತು. ರಜೆ ಕೇಳಲು ಹೋದರೆ ಪ್ರಿನ್ಸಿಪಾಲರು, ‘ಕಾರಣ?’ ಎಂದರು. ‘ಗಾಳಿ ಸಾರ್’ ಎಂದೆ. ‘ನಿಮಗಾ?’ ಎಂದರು.

ಸಾಬರ ಸೈಕಲ್ಲಿನಲ್ಲಿ ಹೊಳೆಯ ದಾರಿ ಹಿಡಿದು ಉಕ್ಕಡಗಾತ್ರಿ ಮುಟ್ಟಿದಾಗ ಬಿಸಿಲು ಏರಿತ್ತು. ದಂಡೆಯ ತುಂಬ ಜನ. ಕೂದಲು ಬಿಚ್ಚಿ ತಲೆ ತೂಗುವವರು, ಕೂಗುವವರು, ಯಾರನ್ನೋ ಬೈಯುವವರು. ಅವರ ನಡುವೆ ಕೊಟ್ರೇಶಿ ಒದ್ದೆ ಪಂಚೆಯಲ್ಲಿ ಕೂತು, ಮರಳಿನ ಮೇಲೆ ಕಡ್ಡಿಯಿಂದ ಉದ್ದಕ್ಕೆ ಒಂದು ಪ್ರಮೇಯದ ಸಾಧನೆ ಬರೆಯುತ್ತಿದ್ದ. ಪಕ್ಕದಲ್ಲಿ ಹಾಲಮ್ಮ ಬುತ್ತಿಯ ಗಂಟು ಇಟ್ಟುಕೊಂಡು ಕೂತಿದ್ದರು. ಅವನ ತಂಗಿ ಕರಿಬಸಮ್ಮ, ಲಂಗ ತೊಟ್ಟ ಹುಡುಗಿ, ಅಣ್ಣ ಬರೆದದ್ದನ್ನು ಯಾರೂ ತುಳಿಯದಂತೆ ನೋಡಿಕೊಳ್ಳುತ್ತಿದ್ದಳು.

‘ಏಳೋ. ನಿನ್ನನ್ನ ಬಲವಂತವಾಗಿ ಇಲ್ಲಿಗೆ ತಂದರಾ?’ ಎಂದೆ.

‘ಇಲ್ಲ ಸಾರ್, ನಾನೇ ಬಂದೆ’ ಎಂದ. ತಲೆ ಎತ್ತಲಿಲ್ಲ. ‘ಮನ್ಯಾಗ ಇದ್ರ ಯಾಕ ಗೊಣಗ್ತೀಯ, ಯಾಕ ಗೋಡೆ ನೋಡ್ತೀಯ ಅಂತ ಎಲ್ಲಾರೂ ಕೇಳ್ತಾರೆ. ಹೊಲಕ್ಕ ಕಳಸ್ತಾರೆ. ಇಲ್ಲಿ ಒಬ್ರೂ ಕೇಳಲ್ಲ. ಬಂದ ಮ್ಯಾಲೆ ಎರಡು ಪೇಪರಿನ ಓದು ಮುಗಿಸಿದೆ ಸಾರ್.’

ನಾನು ಸುತ್ತ ನೋಡಿದೆ. ಅವನು ಹೇಳಿದ್ದು ನಿಜ. ಅವನು ಎಷ್ಟು ಗೊಣಗಿದರೂ ಅಲ್ಲಿ ಅವನೇ ಎಲ್ಲರಿಗಿಂತ ಸಮಾಧಾನದ ಮನುಷ್ಯ. ನಮ್ಮ ಕಾಲೇಜಿನ ವಾಚನಾಲಯದಲ್ಲಿ ಅಷ್ಟು ಅನುಕೂಲ ಇರಲಿಲ್ಲ.

ಆಗ ಹಾಲಮ್ಮ ಅಕ್ಕಪಕ್ಕದವರಿಗೂ ಕೇಳುವಂತೆ ದೊಡ್ಡ ದನಿಯಲ್ಲಿ, ‘ಮೇಷ್ಟ್ರೇ, ನೀವು ಓದಿದೋರು. ಇದು ಯಾವ ಗಾಳಿ ಅಂತ ನೀವಾದ್ರೂ ಹೇಳ್ರಿ’ ಎಂದರು.

ಗಾಳಿಯೂ ಇಲ್ಲ ಮಣ್ಣೂ ಇಲ್ಲ ಎನ್ನಲು ಬಾಯಿ ತೆರೆದೆ. ಮರುಕ್ಷಣ ಸಿದ್ದಪ್ಪನವರ ಮುಖ ನೆನಪಾಯಿತು. ಓದು ಮುಗಿದಿಲ್ಲ ಎಂದರೆ ಅವರ ಮಾತು ಸುಳ್ಳಾಗುತ್ತದೆ. ಓದು ಮುಗಿದಿದೆ, ಆಮೇಲೆ ಗಾಳಿ ಸೋಕಿದೆ ಎಂದರೆ ಸುಳ್ಳಾಗುವುದಿಲ್ಲ.

‘ಎಂ.ಎಸ್ಸಿ. ಅಂತಾರೆ ತಾಯಿ’ ಎಂದೆ.

‘ಯಾವ ದಿಕ್ಕಿಂದ ಬಂದೈತೆ?’

‘ಮೈಸೂರ ಕಡೆಯಿಂದ.’

‘ಹೆಂಗೆ ಬಿಡ್ತೈತೆ?’

‘ಎಲ್ಲಿಂದ ಬಂತೋ ಅಲ್ಲಿಗೇ ಕರಕೊಂಡು ಹೋಗಿ ಪರೀಕ್ಷೆ ಬರೆಸಬೇಕು. ಬರೆದರೆ ಬಿಡ್ತದೆ.’

ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ತನ್ನ ಮಗುವನ್ನು ಹತ್ತಿರ ಎಳೆದುಕೊಂಡು, ‘ಒಬ್ರಿಂದ ಒಬ್ರಿಗೆ ಹತ್ತತೈತೇನ್ರಿ?’ ಎಂದು ಕೇಳಿದಳು. ‘ನಮ್ಮ ಕಡೆ ಇನ್ನೂ ಅಷ್ಟು ಕಂಡಿಲ್ಲಮ್ಮ’ ಎಂದೆ.

ಅವತ್ತಿನ ಸಂಜೆಗೇ ಆ ಮಾತು ಸಾರಥಿಗೆ ಮುಟ್ಟಿತು. ಅದಕ್ಕೆ ಯಾರೂ ನಗಲಿಲ್ಲ. ಸಿದ್ದಪ್ಪನವರ ಮನೆಗೆ ಜನ ಬಂದು ಸಮಾಧಾನ ಹೇಳಿದರು. ಪಾಪ, ಅಷ್ಟು ಚೆನ್ನಾಗಿ ಓದು ಮುಗಿಸಿದ ಹುಡುಗ, ಯಾರ ಕಣ್ಣು ಬಿತ್ತೋ ಎಂದರು. ಹೋಳಿಗೆ ಉಂಡವರೆಲ್ಲ ಮತ್ತೆ ಋಣಸ್ಥರಾದರು. ಲೋಕಿಕೆರೆಯ ಹಿರಿಯರೂ ಬಂದರು, ಈ ಸಲ ಊಟ ಮಾಡಿ ಹೋದರು. ನಾನು ಅಲ್ಲೇ ಇದ್ದೆ. ಗಾಳಿ ಸೋಕಿದವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೀರೋ ಏನೋ ಎಂದು ಸಿದ್ದಪ್ಪ ಕೇಳಿದ್ದಕ್ಕೆ ಅವರು, ‘ಗಾಳಿ ಆದ್ರ ಇವತ್ತಲ್ಲ ನಾಳೆ ಬಿಡ್ತೈತೆ ಬೀಗರೆ. ಫೇಲಾದ್ದು ಬಿಡಾದಿಲ್ಲ. ನಾವು ಕಾಯ್ತೀವಿ’ ಎಂದರು.

ಕೊಟ್ರೇಶಿಯನ್ನು ಮೈಸೂರಿಗೆ ಕಳಿಸಲು ಅರ್ಧ ಊರು ಹರಿಹರದ ಸ್ಟೇಷನ್ನಿಗೆ ಬಂದಿತ್ತು. ಹಾಲಮ್ಮ ಹಣೆಗೆ ಅಜ್ಜಯ್ಯನ ವಿಭೂತಿ ಹಚ್ಚಿದರು. ಅವನು ಪರೀಕ್ಷೆ ಬರೆದ, ಮೊದಲ ದರ್ಜೆಯಲ್ಲಿ ಪಾಸಾದ, ಗಾಳಿ ಬಿಟ್ಟಿತು. ಲೋಕಿಕೆರೆಯ ಹುಡುಗಿಯ ಜೊತೆ ಮದುವೆಯಾಗಿ ಒಂದು ಕಾಲೇಜಿಗೆ ಲೆಕ್ಚರರ್ ಆಗಿ ಸೇರಿದ. ಈಗ ಸಂಬಳಕ್ಕೆ ಗೊಣಗುತ್ತಾನೆ, ಯಾರೂ ತಪ್ಪು ತಿಳಿಯುವುದಿಲ್ಲ.

ಇದಾದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಕೋಟು ಬಿಟ್ಟೆ. ಹುಡುಗ ಡಿಗ್ರಿಯ ಕೊನೆಯ ವರ್ಷಕ್ಕೆ ಬಂದ ಕೂಡಲೇ ಅವನ ಮನೆಗೆ ಹೋಗಿ, ಪಾಸಾದರೆ ಊಟ ಹಾಕಿಸಿ, ಓದು ಮುಗೀತು ಅಂತ ಮಾತ್ರ ಹೇಳಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತಿದ್ದೆ. ಮೈಸೂರಿಗೂ ಧಾರವಾಡಕ್ಕೂ ಹೋಗಿ, ನಮ್ಮ ಹುಡುಗ ಚೀಲ ತಂದರೆ ಬೈಯಬೇಡಿ ಎಂದು ಪ್ರೊಫೆಸರುಗಳಿಗೆ ಹೇಳಿ ಬರುತ್ತಿದ್ದೆ. ವಾಪಸ್ ಬರುವವರು ಕಡಿಮೆಯಾದರು. ಪ್ರಿನ್ಸಿಪಾಲರು ಇದನ್ನು ವರದಿಯಲ್ಲಿ ತಮ್ಮ ಶಿಸ್ತಿನ ಫಲ ಎಂದು ಬರೆದರು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಹಾಲಮ್ಮ ಕಾಲೇಜಿಗೆ ಬಂದರು. ಜೊತೆಯಲ್ಲಿ ಕರಿಬಸಮ್ಮ. ಆ ವರ್ಷವಷ್ಟೇ ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಹುಡುಗಿ ಬಾಗಿಲ ಹೊರಗೆ ಕಂಬಕ್ಕೆ ಒರಗಿ ನಿಂತಳು. ಅವಳ ತುಟಿ ಅಲ್ಲಾಡುತ್ತಿತ್ತು, ಬೆರಳು ಕಂಬದ ಮೇಲೆ ಓಡಾಡುತ್ತಿತ್ತು.

‘ಅಣ್ಣಗ ಬಂದದ್ದೇ ಬಂದೈತೆ ಮೇಷ್ಟ್ರೇ’ ಎಂದರು ಹಾಲಮ್ಮ. ‘ಒಂದು ಕಡೆ ಗಂಡಿನೋರು ಹೆಣ್ಣು ಕೇಳಾಕ ಬಂದಾರೆ. ಅವರಪ್ಪ ಇನ್ನೂ ಏನೂ ಹೇಳಿಲ್ಲ. ನೀವು ಬಂದು ಗಾಳಿ ಅಂತ ಹೇಳ್ರಿ.’

ನಾನು ಅವರ ಮುಖ ನೋಡಿದೆ. ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿಬಿಟ್ಟೆ. ‘ಹಾಲಮ್ಮಾರೆ, ಅವತ್ತು ಉಕ್ಕಡಗಾತ್ರಿಯಲ್ಲಿ, ಅದು ಗಾಳಿ ಅಲ್ಲ ಅಂತ ನಿಮಗೆ ಗೊತ್ತಿತ್ತಾ?’

‘ನನ್ನ ಹೊಟ್ಯಾಗ ಹುಟ್ಟಿದೋನು, ನನಗ ಗೊತ್ತಾಗಾದಿಲ್ವಾ? ಸಣ್ಣಾಗಿಂದ ಹಂಗೇ ಗೊಣಗ್ತಿದ್ದ. ಊರಾಗ ಕೂತು ಓದಾಕ ಬಿಡ್ತಿರಲಿಲ್ಲ. ಅಜ್ಜಯ್ಯನ ಮುಂದ ಕೂತೋನ್ನ ಯಾರೂ ಎಬ್ಬಿಸಲ್ಲ, ಅದಕ್ಕ ನಡಿ ಅಂದೆ.’

‘ದೇವರ ಹತ್ತಿರ ಸುಳ್ಳು ಹೇಳಿದಂಗೆ ಆಗಲಿಲ್ವಾ?’

‘ಅಜ್ಜಯ್ಯನ ಹತ್ರ ಮಗನ್ನ ಕಾಯಪ್ಪ ಅಂದೆ, ಅಷ್ಟೇ. ಗಾಳಿ ಅಂತ ಹೇಳಿದ್ದು ಊರಿಗೆ.’ ಎದ್ದು ಸೆರಗು ಸರಿಮಾಡಿಕೊಂಡರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. ‘ಇವಳದು ಬಿಡಿಸಬ್ಯಾಡ್ರಿ ಮೇಷ್ಟ್ರೇ’ ಎಂದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಅದನ್ನು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ.

ಆ ಭಾನುವಾರ ಸಾರಥಿಗೆ ಹೋದೆ. ಗಂಡುಮಗನಿಗೆ ಲೋಕಿಕೆರೆಯವರು ಕಾದರು, ಹೆಣ್ಣುಮಗಳಿಗೆ ಯಾರು ಕಾಯುತ್ತಾರೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸಿದ್ದಪ್ಪ ಕಂಬಳಿ ಹಾಸಿದರು. ಕಟ್ಟೆಯ ಮೇಲೆ ಊರಿನವರು ಕೆಲವರು ಕೂತಿದ್ದರು. ನಾನು ಅವರಿಗೂ ಕೇಳುವಂತೆ, ‘ಸಿದ್ದಪ್ಪಾರೆ, ಮಗಳಿಗೂ ಅದೇ ಗಾಳಿ’ ಎಂದೆ.

ಕಟ್ಟೆಯವರು ಸಿದ್ದಪ್ಪನವರ ಕಡೆ ತಿರುಗಿದರು. ಅವರು ನಿಧಾನವಾಗಿ ಎದ್ದು, ಜೋಳ ತುಂಬಿಡುವ ನೆಲದ ಹಗೇವಿನ ಕಡೆ ಒಂದು ಸಲ ನೋಡಿ, ನನ್ನ ಕಡೆ ತಿರುಗಿದರು.

‘ಆ ಮೈಸೂರು ಮೇಷ್ಟ್ರಿಗೆ ಹೊಸ ಜೋಳ ಸೇರ್ತೈತೋ, ಹಳೇದೋ?’ ಎಂದು ಕೇಳಿದರು.

ಹೊಸದೇ ಸೇರುತ್ತದೆ ಎಂದೆ.